ಪಿಎಚ್‌ಡಿ ಮುಗಿದ ಮೇಲೆ ಎಂತ? ಅಲೆಗಳ ವಿಜ್ಞಾನದಲ್ಲಿ ಪೋಸ್ಟ್‌ಡಾಕ್ ದಾರಿ

ಈ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಪಕ್ಕದ ಮನೆ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ಶಿವಮೊಗ್ಗ ಜಿಲ್ಲೆಯ ಸಾಗರ ಪೇಟೆಯ ಹತ್ತಿರದ ಹಳ್ಳಿ ನಮ್ಮದು. ಅವಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಎಂಎಸ್ಸಿ ಮಾಡಿ, ಹೊರಗೆ ಪಿಎಚ್‌ಡಿಗೆ ಸೇರಿದವಳು. ಈಗ ಥೀಸಿಸ್ ಬರೆಯುತ್ತಿದ್ದಾಳೆ. ಲೋಹದ ತಗಡಿನೊಳಗೆ ಅಲ್ಟ್ರಾಸೌಂಡ್ ಬಿಟ್ಟು, ಕಣ್ಣಿಗೆ ಕಾಣದ ಬಿರುಕು ಎಲ್ಲಿದೆ ಎಂದು ಹುಡುಕುವುದು ಅವಳ ವಿಷಯ.

"ಅಕ್ಕಾ, ಪೋಸ್ಟ್‌ಡಾಕ್‌ಗೆ ಹಾಕು ಅಂತಾರೆ ನಮ್ಮ ಗೈಡು. ಎಲ್ಲಿ ಹಾಕೋದು, ಹೆಂಗೆ ಹಾಕೋದು ಒಂದೂ ಗೊತ್ತಾಗ್ತಿಲ್ಲ" ಅಂದಳು.

ಜೊತೆಗೆ ಬಂದಿದ್ದ ಅವಳ ಅಜ್ಜ ಕವಳಕ್ಕೆ ಸುಣ್ಣ ಹಚ್ಚುತ್ತಾ ಕೇಳಿದರು: "ಡಾಕ್ಟರ್ ಆದ್ಮೇಲೂ ಓದದಾ? ಇನ್ನೆಂತ ಉಳಿದದೆ ಓದಕ್ಕೆ?"

ಹತ್ತು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಮದುವೆ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಎಲ್ಲಾ ಕಡೆ ಎದುರಾಗುತ್ತಿತ್ತು. ಆಗ ಸರಿಯಾಗಿ ಉತ್ತರ ಕೊಡಲು ಬರುತ್ತಿರಲಿಲ್ಲ. ಅವತ್ತು ಜಗಲಿಯಲ್ಲಿ ಇಬ್ಬರಿಗೂ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಈ ಮಾಹಿತಿ ಸಿಗದೇ ಪಿಎಚ್‌ಡಿ ಮುಗಿದ ಮೇಲೆ ವರ್ಷಗಟ್ಟಲೆ ಸುಮ್ನೆ ಕಾಯುತ್ತಾ ಕೂರುತ್ತಾರೆ.

ಪೋಸ್ಟ್‌ಡಾಕ್ ಅಂದರೆ ಓದಲ್ಲ, ಕೆಲಸ. ಅದಕ್ಕೆ ಪರೀಕ್ಷೆ ಇಲ್ಲ, ಡಿಗ್ರಿ ಇಲ್ಲ, ಘಟಿಕೋತ್ಸವವೂ ಇಲ್ಲ. ಪಿಎಚ್‌ಡಿ ಆದವರು ಒಂದೆರಡು ವರ್ಷ, ಕೆಲವು ಸಲ ಮೂರು ವರ್ಷ, ಇನ್ನೊಬ್ಬ ವಿಜ್ಞಾನಿಯ ತಂಡ ಸೇರಿ ಸಂಬಳ ತೆಗೆದುಕೊಂಡು ಸಂಶೋಧನೆ ಮಾಡುತ್ತಾರೆ. ಅಜ್ಜನಿಗೆ ನಾನು ಯಕ್ಷಗಾನದ ಲೆಕ್ಕದಲ್ಲಿ ಹೇಳಿದೆ. ಮದ್ದಳೆ ಕಲಿಯುವ ಹುಡುಗ ಗುರುಗಳ ಹತ್ತಿರ ನಾಲ್ಕೈದು ವರ್ಷ ಪಾಠ ಮಾಡಿಸಿಕೊಳ್ಳುತ್ತಾನೆ. ಕೈ ಕೂರುತ್ತದೆ. ಆದರೆ ಅವನು ನುಡಿಸುವುದೆಲ್ಲ ಗುರುಗಳ ನೆರಳೇ. ಆಮೇಲೆ ಬೇರೆ ಮೇಳ ಸೇರಿ ಎರಡು ತಿರುಗಾಟ ಮಾಡಿದರೆ, ಬೇರೆ ಭಾಗವತರ ಹಾಡಿಗೆ, ಬೇರೆ ವೇಷಧಾರಿಗಳ ಕುಣಿತಕ್ಕೆ ಕೈ ಹೊಂದಿಸಬೇಕಾಗುತ್ತದೆ. ಆಗಲೇ ಅವನದೇ ಒಂದು ನುಡಿಸಾಣಿಕೆ ಹುಟ್ಟುವುದು. ಪಿಎಚ್‌ಡಿ ಅಂದರೆ ಗುರುಗಳ ಮನೆ. ಪೋಸ್ಟ್‌ಡಾಕ್ ಅಂದರೆ ತಿರುಗಾಟ.

"ಹಂಗಾದ್ರೆ ಹೋಗಲೇಬೇಕು ಬಿಡು" ಅಂದರು ಅಜ್ಜ.

ಅಲೆಗಳ ವಿಜ್ಞಾನ ಕಲಿತವರಿಗೆ ಈ ತಿರುಗಾಟದಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡಿರುವುದು ಅದನ್ನೇ. ಅವರು ಹೊಲ ಬದಲಾಯಿಸಬಹುದು, ನೇಗಿಲು ಬದಲಾಯಿಸಬೇಕಿಲ್ಲ. ಶಬ್ದ, ಬೆಳಕು, ಭೂಕಂಪ, ಸಮುದ್ರದ ಅಲೆ, ರೇಡಿಯೋ, ಇವೆಲ್ಲ ಬೇರೆ ಬೇರೆ ಇಲಾಖೆಗಳಲ್ಲಿ ಇರಬಹುದು. ಒಳಗಿನ ಗಣಿತ ಹೆಚ್ಚುಕಮ್ಮಿ ಒಂದೇ. 1747ರಲ್ಲಿ ಫ್ರಾನ್ಸಿನ ದಾಲಂಬೇರ್ ಮೀಟಿದ ತಂತಿ ಹೇಗೆ ಅಲುಗುತ್ತದೆ ಎಂದು ಒಂದು ಸಮೀಕರಣ ಬರೆದ. ಅದರ ಸಾರ ಇಷ್ಟೇ: ತಂತಿ ಎಲ್ಲಿ ಜಾಸ್ತಿ ಬಾಗಿದೆಯೋ ಅಲ್ಲಿ ಅದನ್ನು ವಾಪಸ್ ಎಳೆಯುವ ಬಲವೂ ಜಾಸ್ತಿ. ಆ ಎಳೆತ ಪಕ್ಕಕ್ಕೆ ದಾಟುತ್ತದೆ, ಅಲ್ಲಿಂದ ಮತ್ತೆ ಪಕ್ಕಕ್ಕೆ. ತಂತಿ ಜಾಗದಲ್ಲಿ ಗಾಳಿ ಇಟ್ಟರೆ ಶಬ್ದ. ಬಂಡೆ ಇಟ್ಟರೆ ಭೂಕಂಪದ ಅಲೆ. ವಿದ್ಯುತ್ತು, ಕಾಂತದ ಕ್ಷೇತ್ರ ಇಟ್ಟರೆ ಬೆಳಕು. ಸಮೀಕರಣಕ್ಕೆ ಅಲ್ಲಲ್ಲಿ ಒಂದೆರಡು ಪದ ಸೇರುತ್ತವೆ, ಅಷ್ಟೇ.

ಈ ಮಾತನ್ನು ಕಣ್ಣೆದುರು ತೋರಿಸಲು ನಮ್ಮ ಹಿತ್ತಲೇ ಸಾಕು. ಹಲಸಿನ ಮರದ ಕೆಳಗೆ ನಿಂತು ಅಜ್ಜ ಬೆರಳು ಮಡಚಿ ಕಾಯಿ ತಟ್ಟುತ್ತಾರೆ. ಎಳೆಯದಾದರೆ ಗಟ್ಟಿ, ಚುರುಕು ಸದ್ದು. ಹಣ್ಣಾಗಿದ್ದರೆ ದಬ್ ದಬ್ ಅಂತ ಮಂಕು ಸದ್ದು. ತೊಳೆ ಮೆತ್ತಗಾದ ಹಾಗೆ ಒಳಗಿನ ಬಿಗಿ ಕಮ್ಮಿಯಾಗುತ್ತದೆ. ಬಿಗಿ ಕಮ್ಮಿಯಾದರೆ ಕಂಪನ ನಿಧಾನವಾಗುತ್ತದೆ, ಬೇಗ ಸತ್ತೂ ಹೋಗುತ್ತದೆ. ಹೊರಗಿನ ಸದ್ದು ಕೇಳಿ ಒಳಗಿನ ಸ್ಥಿತಿ ಊಹಿಸುವ ಈ ಕೆಲಸವನ್ನು ವಿಜ್ಞಾನದಲ್ಲಿ ವಿಲೋಮ ಸಮಸ್ಯೆ ಅನ್ನುತ್ತಾರೆ. ಹೊಟ್ಟೆಯಲ್ಲಿರುವ ಮಗುವಿನ ಸ್ಕ್ಯಾನಿಂಗ್, ನೆಲದಡಿಯ ಎಣ್ಣೆ ನಿಕ್ಷೇಪದ ಹುಡುಕಾಟ, ಸೇತುವೆಯ ಕಂಬದ ತಪಾಸಣೆ, ನಮ್ಮ ಹುಡುಗಿಯ ಲೋಹದ ತಗಡು, ಎಲ್ಲವೂ ಹಲಸು ತಟ್ಟುವ ವಿದ್ಯೆಯೇ. ಹಾಗಾಗಿ ತಗಡಿನ ಬಿರುಕು ಹುಡುಕಲು ಕಲಿತವಳು ಪೋಸ್ಟ್‌ಡಾಕ್‌ನಲ್ಲಿ ಮೂಳೆಯ ಬಿರುಕು ಹುಡುಕಬಹುದು. ಗುಡ್ಡದ ಬಿರುಕನ್ನೂ ಹುಡುಕಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜನ ತಮ್ಮ ಥೀಸಿಸ್ಸಿನ ಶೀರ್ಷಿಕೆ ಎಲ್ಲಿ ಕಾಣುತ್ತದೋ ಅಲ್ಲಿಗೆ ಮಾತ್ರ ಅರ್ಜಿ ಹಾಕುತ್ತಾರೆ.

ಮದ್ದಳೆಯ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬರೀ ಚರ್ಮ ಬಿಗಿದ ದುಂಡನೆಯ ವಾದ್ಯಕ್ಕೆ ಪೆಟ್ಟು ಹಾಕಿದರೆ ಮೂಲ ಸ್ವರದ ಜೊತೆಗೆ 1.59 ಪಟ್ಟು, 2.14 ಪಟ್ಟು ಹೀಗೆ ಅಡ್ಡಾದಿಡ್ಡಿ ಲೆಕ್ಕದ ಸ್ವರಗಳು ಏಳುತ್ತವೆ. ಅವು ಒಂದಕ್ಕೊಂದು ಕೂಡುವುದಿಲ್ಲ. ಅದಕ್ಕೇ ಅಲ್ಲಿ ಸದ್ದು ಇರುತ್ತದೆ, ಶ್ರುತಿ ಇರುವುದಿಲ್ಲ. ಚರ್ಮದ ನಡುವೆ ಕಪ್ಪು ಕರಣೆ ಹಚ್ಚಿದರೆ ಅಲ್ಲಿ ತೂಕ ಹೆಚ್ಚಿ, ಆ ಸ್ವರಗಳು ಸರಿದು ಸರಿದು ಎರಡು ಪಟ್ಟು, ಮೂರು ಪಟ್ಟು, ನಾಲ್ಕು ಪಟ್ಟಿನ ಹತ್ತಿರ ಬಂದು ನಿಲ್ಲುತ್ತವೆ. ಕಿವಿಗೆ ಹಿತವಾದ ನಾದ ಹುಟ್ಟುತ್ತದೆ. ಮೃದಂಗ, ತಬಲಾದ ಈ ಗುಟ್ಟನ್ನು ಸಿ.ವಿ. ರಾಮನ್ 1920ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ನೇಚರ್ ಪತ್ರಿಕೆಯಲ್ಲಿ ಬರೆದರು. 1928ರಲ್ಲಿ ಅದೇ ರಾಮನ್ ಬೆಳಕಿನ ಚದುರುವಿಕೆಯಲ್ಲಿ ಹೊಸ ಪರಿಣಾಮ ಕಂಡುಹಿಡಿದರು. 1930ರಲ್ಲಿ ನೊಬೆಲ್ ಬಂತು. ಆಮೇಲೆ ಬೆಂಗಳೂರಿನಲ್ಲಿದ್ದಾಗ ನಾಗೇಂದ್ರನಾಥ್ ಜೊತೆ ಸೇರಿ, ಶಬ್ದದ ಅಲೆಗಳ ಮೂಲಕ ಹಾಯುವ ಬೆಳಕು ಹೇಗೆ ಸೀಳುತ್ತದೆ ಎಂಬುದನ್ನು ವಿವರಿಸಿದರು. ಚರ್ಮದಿಂದ ಬೆಳಕಿಗೆ, ಬೆಳಕಿನಿಂದ ಶಬ್ದ ಮತ್ತು ಬೆಳಕು ಎರಡಕ್ಕೂ! ಒಬ್ಬರೇ ಮನುಷ್ಯರು, ಒಂದೇ ನೇಗಿಲು. ಅವರೇ ಕಟ್ಟಿದ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1956ರಲ್ಲಿ ಪಂಚರತ್ನಂ ಎಂಬ 22 ವರ್ಷದ ಹುಡುಗ ಧ್ರುವೀಕೃತ ಬೆಳಕಿನ (ಅಲುಗಾಟ ಒಂದು ಕ್ರಮದಲ್ಲಿರುವ ಬೆಳಕಿನ) ಬಗ್ಗೆ ಬರೆದ ಪೇಪರಿನ ನಿಜವಾದ ಆಳ ಜಗತ್ತಿಗೆ ತಿಳಿದದ್ದು 1980ರ ದಶಕದಲ್ಲಿ. ನಮ್ಮ ರಾಜ್ಯದಲ್ಲೇ ಇಂಥ ಪರಂಪರೆ ಇದೆ ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ಈಗ ಪೋಸ್ಟ್‌ಡಾಕ್ ಜಾಹೀರಾತುಗಳಿಗೆ ಬರೋಣ. ಅವುಗಳಲ್ಲಿ ಬರುವ ಪದಗಳೇ ಅರ್ಧ ಜನರನ್ನು ಹೆದರಿಸುತ್ತವೆ. "ಸಂಕೀರ್ಣ ಮಾಧ್ಯಮದಲ್ಲಿ ಅಲೆಗಳು" ಎಂದು ಒಂದು ಕಡೆ ಇರುತ್ತದೆ. ಹಾಗಂದರೆ ಎಂತದು? ಜುಲೈ ತಿಂಗಳ ಸಂಜೆ ಆಗುಂಬೆ ಘಾಟಿಯಲ್ಲಿ ಕಾರು ಓಡಿಸಿದವರಿಗೆ ಅದು ಗೊತ್ತು. ಮಂಜು ಕವಿದಾಗ ಹೆಡ್‌ಲೈಟ್ ಮೇಲಕ್ಕೆ ಹಾಕಿದರೆ ರಸ್ತೆ ಕಾಣುವ ಬದಲು ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಮಂಜಿನ ಒಂದೊಂದು ಹನಿಯೂ ಬೆಳಕನ್ನು ಬೇರೆ ದಿಕ್ಕಿಗೆ ಎಸೆಯುತ್ತದೆ. ಆ ಬೆಳಕನ್ನು ಇನ್ನೊಂದು ಹನಿ ಮತ್ತೆ ಎಸೆಯುತ್ತದೆ. ಕೊನೆಗೆ ಬಹುಪಾಲು ಬೆಳಕು ನಮ್ಮ ಕಣ್ಣಿಗೇ ವಾಪಸ್. ಹಾಲು, ಬಿಳಿ ಪೇಂಟು, ನಮ್ಮ ಚರ್ಮ ಇವೂ ಹೀಗೇ. ಬೆಳಕನ್ನು ಹೀರಿಕೊಳ್ಳುವುದಕ್ಕಿಂತ ಜಾಸ್ತಿ ಚದುರಿಸುತ್ತವೆ.

ಚದುರಿದ ಬೆಳಕು ಕಳೆದೇ ಹೋಯಿತು ಎಂದು ಬಹಳ ವರ್ಷ ಎಲ್ಲರೂ ಅಂದುಕೊಂಡಿದ್ದರು. 2007ರಲ್ಲಿ ನೆದರ್‌ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಲೆಕೂಪ್ ಮತ್ತು ಮೋಸ್ಕ್ ಒಂದು ಪ್ರಯೋಗ ಮಾಡಿದರು. ಲೇಸರ್ ಕಿರಣವನ್ನು ಸಾವಿರಾರು ಚೂರು ಮಾಡಿ, ಒಂದೊಂದು ಚೂರನ್ನೂ ಕೂದಲೆಳೆಗಿಂತ ಎಷ್ಟೋ ಕಮ್ಮಿ ಅಳತೆಯಲ್ಲಿ ಮುಂದೆ ಹಿಂದೆ ಮಾಡುತ್ತಾ ಬಿಳಿ ಪದರದ ಮೂಲಕ ಕಳಿಸಿದರು. ಎಲ್ಲ ಚೂರುಗಳೂ ಆಚೆ ಬದಿಯ ಒಂದು ಬಿಂದುವಿನಲ್ಲಿ ಸಮ ಸೇರುವ ಹಾಗೆ ಹೊಂದಿಸಿದರು. ಡೊಳ್ಳಿನ ತಂಡದಲ್ಲಿ ಒಬ್ಬೊಬ್ಬರು ಒಂದೊಂದು ದೂರದಲ್ಲಿ ನಿಂತಿದ್ದರೂ ಪೆಟ್ಟೆಲ್ಲ ನಮ್ಮ ಕಿವಿಗೆ ಒಟ್ಟಿಗೇ ತಲುಪುವಂತೆ ಬಾರಿಸಿದ ಹಾಗೆ. ಆ ಬಿಂದು ಸುತ್ತಲಿಗಿಂತ ಸಾವಿರ ಪಟ್ಟು ಬೆಳಗಿತು. ಆಮೇಲೆ ಈ ವಿಷಯ ಊರು ತುಂಬ ಹಬ್ಬಿತು. ಚರ್ಮ ಕೊಯ್ಯದೆ ಒಳಗಿನ ಗಡ್ಡೆ ನೋಡಬಹುದೇ, ತಲೆಬುರುಡೆಯ ಮೂಲಕ ಮಿದುಳಿಗೆ ಬೆಳಕು ಕಳಿಸಬಹುದೇ ಎಂದು ಎಷ್ಟೋ ಲ್ಯಾಬುಗಳು ದುಡಿಯುತ್ತಿವೆ. ಜೀವಂತ ಅಂಗಾಂಶ ಕ್ಷಣಕ್ಷಣಕ್ಕೂ ಅಲುಗುತ್ತದೆ, ರಕ್ತ ಹರಿಯುತ್ತಿರುತ್ತದೆ. ಹೊಂದಿಸಿದ ಬೆಳಕು ಮರುಗಳಿಗೆ ತಪ್ಪಿಹೋಗುತ್ತದೆ. ಕಷ್ಟ ಇರುವುದು ಅಲ್ಲೇ, ಪೋಸ್ಟ್‌ಡಾಕ್‌ಗಳು ಬೇಕಾಗುವುದೂ ಅಲ್ಲೇ. ಪ್ಯಾರಿಸ್ಸಿನ ವಿಜ್ಞಾನಿ ಮತಿಯಾಸ್ ಫಿಂಕ್ ಅವರ ತಂಡ ಇದಕ್ಕೂ ಮೊದಲೇ ಶಬ್ದದ ಅಲೆಗಳನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಓಡಿಸುವ ಕಾಲ ತಿರುಗಿಸುವ ಕನ್ನಡಿಯನ್ನು ಮಾಡಿ ತೋರಿಸಿತ್ತು. ಶಬ್ದದವರು ಬೆಳಕಿನ ಲ್ಯಾಬಿಗೆ, ಬೆಳಕಿನವರು ಶಬ್ದದ ಲ್ಯಾಬಿಗೆ ಹೋಗಿಬರುವುದು ಇಲ್ಲಿ ಮಾಮೂಲಿ.

ಇನ್ನೊಂದು ಪದ "ಪರಿಸರದ ಸದ್ದಿನಿಂದ ಭೂಮಿಯ ಚಿತ್ರಣ". ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ್ದು. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ಅಬ್ಬರಿಸುವಾಗ ಆ ಅಲೆಗಳ ಏರಿಳಿತ ಸಮುದ್ರದ ತಳವನ್ನು ಒತ್ತುತ್ತದೆ. ಆ ಒತ್ತಡ ಭೂಮಿಯೊಳಗೆ ನಡುಕವಾಗಿ, ಘಟ್ಟದ ಈಚೆಗೂ ಹಾಯ್ದು ಬರುತ್ತದೆ. ಒಂದು ನಡುಕಕ್ಕೆ ಐದರಿಂದ ಹತ್ತು ಸೆಕೆಂಡು. ನಮ್ಮ ಕಾಲಿಗೆ ಗೊತ್ತಾಗುವುದಿಲ್ಲ, ಭೂಕಂಪ ಅಳೆಯುವ ಯಂತ್ರಕ್ಕೆ ಗೊತ್ತಾಗುತ್ತದೆ. ಮೊದಲು ಇದನ್ನು ಗದ್ದಲ ಎಂದು ಸೋಸಿ ಎಸೆಯುತ್ತಿದ್ದರು. 2000ದ ದಶಕದಲ್ಲಿ ಗೊತ್ತಾಯಿತು, ಈ ಗದ್ದಲವೇ ಚಿನ್ನ ಎಂದು. ಅರವತ್ತು ಕಿಲೋಮೀಟರ್ ದೂರದಲ್ಲಿ ಎರಡು ಯಂತ್ರ ಇಡಿ. ತಿಂಗಳುಗಟ್ಟಲೆ ಗದ್ದಲ ದಾಖಲಿಸಿ. ಎರಡೂ ದಾಖಲೆಯನ್ನು ಒಂದರ ಮೇಲೊಂದು ಇಟ್ಟು, ಒಂದನ್ನು ಸ್ವಲ್ಪ ಸ್ವಲ್ಪವೇ ಜಾರಿಸುತ್ತಾ ಹೋಗಿ. ಇಪ್ಪತ್ತು ಸೆಕೆಂಡು ಜಾರಿಸಿದಾಗ ಎರಡೂ ಚೆನ್ನಾಗಿ ಹೊಂದಿದರೆ, ಆ ಎರಡು ಜಾಗದ ನಡುವೆ ಅಲೆ ಸೆಕೆಂಡಿಗೆ ಮೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿದೆ ಎಂದರ್ಥ. ಭೂಕಂಪ ಆಗಬೇಕಿಲ್ಲ, ಬಾಂಬು ಸಿಡಿಸಬೇಕಿಲ್ಲ. ಸುಮ್ನೆ ಕೇಳಿಸಿಕೊಂಡರೆ ಸಾಕು.

ಇದರಿಂದ ನಮಗೇನು? ಮಳೆ ನೀರು ಕುಡಿದು ತೊಯ್ದ ಗುಡ್ಡದಲ್ಲಿ ಅಲೆಯ ವೇಗ ಇಳಿಯುತ್ತದೆ. ಜಾರುವ ಮಣ್ಣಿನಲ್ಲಿ ಕುಸಿತಕ್ಕೆ ಮೊದಲು ವೇಗ ಇಳಿದದ್ದನ್ನು ಯುರೋಪಿನ ಗುಡ್ಡಗಳಲ್ಲಿ ಅಳೆದಿದ್ದಾರೆ. 2018ರಲ್ಲಿ ಕೊಡಗು, 2024ರ ಜುಲೈ 30ರಂದು ವಯನಾಡು ಕಂಡ ಮೇಲೆ, ಘಟ್ಟದ ಸಾಲಿನಲ್ಲಿ ಬೆಳೆದ ಯಾರಿಗಾದರೂ ಈ ವಿದ್ಯೆ ನಮ್ಮ ಗುಡ್ಡಗಳಿಗೆ ಬೇಗ ಬರಲಿ ಅನ್ನಿಸದೇ ಇರುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಲ್ಲಿ ಭೂಕಂಪ ವಿಜ್ಞಾನದ ದೊಡ್ಡ ತಂಡ ಇದೆ. ನಮ್ಮ ಹುಡುಗಿಗೆ ನಾನು ಮೊದಲು ಹೇಳಿದ್ದು ಈ ದಾರಿಯನ್ನೇ. ತಗಡಿನ ಬಿರುಕಿಗೆ ಬಳಸುವ ಲೆಕ್ಕ ಗುಡ್ಡದ ಬಿರುಕಿಗೆ ಹೊಂದುತ್ತದೆ. ಮಿಲಿಮೀಟರ್ ಹೋಗಿ ಕಿಲೋಮೀಟರ್ ಆಗುತ್ತದೆ.

ಜೀವಶಾಸ್ತ್ರದ ಕಡೆಗೂ ಬಾಗಿಲಿದೆ. ಮುಸ್ಸಂಜೆ ಆದ ಕೂಡಲೇ ನಮ್ಮ ಕಾಡು ಜೀರ್ ಎನ್ನಲು ಶುರು ಮಾಡುತ್ತದಲ್ಲ, ಅಂಥ ಕೀಟಗಳ ಜಾತಿಯಲ್ಲಿ ಮರದ ಎಲೆಯ ಮೇಲೆ ಕೂತು ಹಾಡುವ, ಇಂಗ್ಲಿಷಿನಲ್ಲಿ ಕ್ರಿಕೆಟ್ ಎನ್ನುವ ಒಂದು ಪುಟ್ಟ ಹುಳ ಇದೆ. ಅದರ ರೆಕ್ಕೆ ಒಂದು ಸೆಂಟಿಮೀಟರಿನ ಆಸುಪಾಸು, ಅದರ ಹಾಡಿನ ಅಲೆಯ ಉದ್ದ ಹತ್ತು ಸೆಂಟಿಮೀಟರಿನಷ್ಟು. ರೆಕ್ಕೆ ಮುಂದಕ್ಕೆ ಬಂದಾಗ ಮುಂದಿನ ಗಾಳಿ ಒತ್ತುತ್ತದೆ, ಹಿಂದಿನದು ಸಡಿಲವಾಗುತ್ತದೆ. ಇಷ್ಟು ಸಣ್ಣ ರೆಕ್ಕೆಯ ಅಂಚಿನಲ್ಲಿ ಎರಡೂ ಕೂಡಿ ಒಂದನ್ನೊಂದು ಕೊಂದುಹಾಕುತ್ತವೆ, ಸದ್ದು ದೂರ ಹೋಗುವುದಿಲ್ಲ. ಅದಕ್ಕೆ ಈ ಕೀಟ ಎಲೆಯ ನಡುವೆ ತೂತು ಕಡಿದು, ಅದರಲ್ಲಿ ಕೂತು ಹಾಡುತ್ತದೆ. ಎಲೆ ಗೋಡೆಯಾಗಿ ಮುಂದಿನ ಸದ್ದನ್ನೂ ಹಿಂದಿನ ಸದ್ದನ್ನೂ ಬೇರೆ ಮಾಡುತ್ತದೆ. ಲೌಡ್‌ಸ್ಪೀಕರಿಗೆ ಮರದ ಡಬ್ಬಿ ಮಾಡಿಸುತ್ತೇವಲ್ಲ, ಅದೇ ತತ್ವ. ದೊಡ್ಡ ಎಲೆ ಆರಿಸಿಕೊಂಡು, ತೂತಿನ ಅಳತೆಯನ್ನೂ ಜಾಗವನ್ನೂ ಸರಿಯಾಗಿ ನೋಡಿಕೊಂಡು ಇದು ಕೆಲಸ ಮಾಡುತ್ತದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೋಹಿಣಿ ಬಾಲಕೃಷ್ಣನ್ ಅದರಲ್ಲಿ ಇದ್ದರು. ಅದೇ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡಿ, ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪೋಸ್ಟ್‌ಡಾಕ್ ಮಾಡಿದ ನತಾಶಾ ಮ್ಹಾತ್ರೆ ಮೊದಲ ಲೇಖಕಿ. ಕೀಟ ಗೊತ್ತಿರುವ ಕಡೆಯಿಂದ ಕಂಪನ ಅಳೆಯುವ ಲ್ಯಾಬಿಗೆ ಹೋದದ್ದರಿಂದಲೇ ಈ ಕಥೆ ಹೊರಬಂದದ್ದು.

ಉಳಿದವನ್ನು ಬೇಗ ಹೇಳುತ್ತೇನೆ. ಸಮುದ್ರದ ಅಲೆ ಮತ್ತು ಸುನಾಮಿ ಮುನ್ನೆಚ್ಚರಿಕೆಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ, ಚೆನ್ನೈನ ಐಐಟಿ ಇವೆ. ನಮಗೆ ಹತ್ತಿರದ ಸುರತ್ಕಲ್ ಎನ್‌ಐಟಿಯಲ್ಲೂ ಸಾಗರ ಎಂಜಿನಿಯರಿಂಗ್ ಇದೆ. ನೀರಿನಡಿಯ ಶಬ್ದಕ್ಕೆ ಕೊಚ್ಚಿಯ ರಕ್ಷಣಾ ಪ್ರಯೋಗಾಲಯ. ಸಿಗಂದೂರಿನ ಲಾಂಚ್ ಹತ್ತಿದವರೆಲ್ಲ ಅದರ ಹಿಂದೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಅಲೆ ಹರಡುವುದನ್ನು ನೋಡಿರುತ್ತೀರಿ. ಆಳದ ನೀರಿನಲ್ಲಿ ಆ ವಿ ಅಕ್ಷರದ ಕೋನ ದೋಣಿಗೂ ಬಾತುಕೋಳಿಗೂ ಒಂದೇ, ಸುಮಾರು 39 ಡಿಗ್ರಿ ಎಂದು ಕೆಲ್ವಿನ್ 1887ರಲ್ಲಿ ಲೆಕ್ಕ ಹಾಕಿದ್ದ. 2025ರ ಜುಲೈನಲ್ಲಿ ಸೇತುವೆ ಆಯಿತು. ಶರಾವತಿ ಹಿನ್ನೀರಿನಲ್ಲಿ ಆ ವಿ ನೋಡಲು ಈಗ ಬೇರೆ ದೋಣಿ ಹುಡುಕಬೇಕು. ಗುರುತ್ವ ಅಲೆಗಳದ್ದು, ಅಂದರೆ ಕಪ್ಪುಕುಳಿಯಂಥ ಭಾರೀ ಕಾಯಗಳು ಡಿಕ್ಕಿಯಾದಾಗ ದೇಶಕಾಲದಲ್ಲೇ ಏಳುವ ಅಲೆಗಳದ್ದು, ಇನ್ನೊಂದು ಲೋಕ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಮೊದಲ ಸಲ ಅದನ್ನು ಹಿಡಿಯಿತು. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಲೈಗೋ-ಇಂಡಿಯಾ ಕಟ್ಟಲು 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಪುಣೆಯ ಅಯೂಕಾ, ಬೆಂಗಳೂರಿನ ಐಸಿಟಿಎಸ್ ಎಂಬ ಸಂಶೋಧನಾ ಕೇಂದ್ರಗಳು ಈ ಕ್ಷೇತ್ರದಲ್ಲಿ ಮುಂದಿವೆ. ಇದಕ್ಕೆ ಇನ್ನೂ ತುಂಬಾ ಜನ ಬೇಕು.

ಸರಿ, ಬಾಗಿಲು ತಟ್ಟುವುದು ಹೇಗೆ? ಪೋಸ್ಟ್‌ಡಾಕ್‌ನಲ್ಲಿ ಎರಡು ಬಗೆಯ ಹಣ ಇದೆ. ಮೊದಲನೆಯದು ವಿಜ್ಞಾನಿಯ ಪ್ರಾಜೆಕ್ಟಿನ ಹಣ. ಅವರ ಕೈಲಿ ಪ್ರಾಜೆಕ್ಟ್ ಇರುತ್ತದೆ, ಅದರಲ್ಲಿ ಒಬ್ಬರಿಗೆ ಸಂಬಳ ಇರುತ್ತದೆ, ಅವರೇ ಸಂದರ್ಶನ ಮಾಡಿ ತೆಗೆದುಕೊಳ್ಳುತ್ತಾರೆ. ಬೇಗ ಆಗುವ ದಾರಿ. ಆದರೆ ಕೆಲಸದ ವಿಷಯ ಅವರದ್ದು. ಎರಡನೆಯದು ನಿಮ್ಮದೇ ಫೆಲೋಶಿಪ್. ನೀವೇ ಸಂಶೋಧನೆಯ ಯೋಜನೆ ಬರೆದು, ಒಬ್ಬ ವಿಜ್ಞಾನಿಯನ್ನು ಒಪ್ಪಿಸಿ, ಹಣ ಕೊಡುವ ಸಂಸ್ಥೆಗೆ ಅರ್ಜಿ ಹಾಕಬೇಕು. ಇದಕ್ಕೆ ಟೈಮು ಹಿಡಿಯುತ್ತದೆ, ಆದರೆ ಹೆಸರು ನಿಮ್ಮದು.

ನಮ್ಮ ದೇಶದಲ್ಲಿ ಮೊದಲ ಬಗೆಗೆ ರಿಸರ್ಚ್ ಅಸೋಸಿಯೇಟ್ ಅನ್ನುತ್ತಾರೆ. ಕೇಂದ್ರದ ವಿಜ್ಞಾನ ಇಲಾಖೆಗಳ ಪ್ರಾಜೆಕ್ಟುಗಳಲ್ಲಿ 2023ರ ಜನವರಿಯಿಂದ ಇದಕ್ಕೆ ಮೂರು ಹಂತದ ಸಂಬಳ ನಿಗದಿಯಾಯಿತು: ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಎರಡನೆಯ ಬಗೆಯಲ್ಲಿ ಮುಖ್ಯವಾದದ್ದು ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಮೊದಲು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಕೊಡುತ್ತಿತ್ತು, ಈಗ ಅದರ ಜಾಗಕ್ಕೆ ಬಂದ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಕೊಡುತ್ತದೆ. ಅವಧಿ ಎರಡು ವರ್ಷ. ಜೀವನದಲ್ಲಿ ಒಂದೇ ಸಲ ಸಿಗುವಂಥದ್ದು. ವಯಸ್ಸಿನ ಮಿತಿ 35 ಎಂದು ಇಟ್ಟುಕೊಂಡು ಬಂದಿದ್ದಾರೆ; ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ ಐದು ವರ್ಷ ಸಡಿಲಿಕೆ. ಥೀಸಿಸ್ ಸಲ್ಲಿಸಿ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಕಾಯುತ್ತಿರುವವರೂ ಹಾಕಲು ಅವಕಾಶ ಕೊಟ್ಟಿದ್ದಾರೆ. ಇದು ಬಹಳ ಜನಕ್ಕೆ ಗೊತ್ತಿಲ್ಲ, ವೈವಾ ಆಗಲಿ ಎಂದು ಕಾದು ಒಂದು ವರ್ಷದ ಕರೆ ತಪ್ಪಿಸಿಕೊಳ್ಳುತ್ತಾರೆ. ಪ್ರತಿ ಕರೆ ಬಂದಾಗಲೂ ಆ ವರ್ಷದ ನಿಯಮವನ್ನು ಪೂರ್ತಿ ಓದಿ.

ಹೊರದೇಶದ್ದರಲ್ಲಿ ಮೂರನ್ನು ಹೇಳುತ್ತೇನೆ. ಜರ್ಮನಿಯ ಹಂಬೋಲ್ಟ್ ಫೆಲೋಶಿಪ್: ಪಿಎಚ್‌ಡಿ ಆಗಿ ನಾಲ್ಕು ವರ್ಷದೊಳಗಿನವರಿಗೆ, ಆರು ತಿಂಗಳಿಂದ ಎರಡು ವರ್ಷದವರೆಗೆ. ವರ್ಷದ ಯಾವ ದಿನ ಬೇಕಾದರೂ ಅರ್ಜಿ ಹಾಕಬಹುದು. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್: ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ. ಜೊತೆಗೆ ಹಿಂದಿನ 36 ತಿಂಗಳಲ್ಲಿ, ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಅಂದರೆ ಹಳ್ಳಿಯಿಂದ ನೇರವಾಗಿ ಹೋಗುವವರಿಗೆ ಅನುಕೂಲವೇ. ಕೊನೇ ದಿನ ಸಾಮಾನ್ಯವಾಗಿ ಸೆಪ್ಟೆಂಬರ್. ಜಪಾನಿನ ವಿಜ್ಞಾನ ಉತ್ತೇಜನ ಸಂಸ್ಥೆಯ (ಜೆಎಸ್‌ಪಿಎಸ್) ಫೆಲೋಶಿಪ್: ಪಿಎಚ್‌ಡಿ ಆಗಿ ಆರು ವರ್ಷದೊಳಗೆ, ಒಂದರಿಂದ ಎರಡು ವರ್ಷ. ಯುರೋಪಿನ ಪ್ರಾಜೆಕ್ಟ್ ಹುದ್ದೆಗಳು ಯೂರಾಕ್ಸೆಸ್ ಎಂಬ ಯುರೋಪಿಯನ್ ಒಕ್ಕೂಟದ ತಾಣದಲ್ಲಿ ಬರುತ್ತವೆ. ಅಮೆರಿಕದಲ್ಲಿ ಹೆಚ್ಚಿನವು ಪ್ರಾಜೆಕ್ಟ್ ಹಣದ್ದೇ. ನೇರವಾಗಿ ಪ್ರೊಫೆಸರಿಗೆ ಬರೆಯಬೇಕು.

ಗಮನಿಸಿ, ಹೊರದೇಶದ ಈ ಮೂರರಲ್ಲೂ ಗಡಿಯಾರ ಓಡುವುದು ಪಿಎಚ್‌ಡಿ ಪಡೆದ ದಿನದಿಂದ. ಮದುವೆ, ಬಾಣಂತನ ಎಂದು ಮೂರು ವರ್ಷ ಮನೆಯಲ್ಲಿದ್ದ ನನ್ನ ಗೆಳತಿಯೊಬ್ಬಳು ಇನ್ನು ಆಗುವುದಿಲ್ಲ ಎಂದು ಕೈಬಿಟ್ಟಿದ್ದಳು. ಆದರೆ ಮಕ್ಕಳಿಗಾಗಿ ಬಿಟ್ಟ ಕಾಲಕ್ಕೆ ಹಂಬೋಲ್ಟ್, ಮೇರಿ ಕ್ಯೂರಿ ಎರಡರಲ್ಲೂ ರಿಯಾಯಿತಿ ಇದೆ, ಗಡುವು ಮುಂದೆ ಹೋಗುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳು ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ನನಗೇ ಆದದ್ದೊಂದನ್ನು ಹೇಳಬೇಕು. ಮೊದಲು ಸೇರಿದ ಲ್ಯಾಬಿನಲ್ಲಿ ಎರಡು ವರ್ಷ ಎಂದು ಬಾಯಿಮಾತಿನಲ್ಲಿ ಹೇಳಿದ್ದರು. ಹನ್ನೊಂದನೇ ತಿಂಗಳಿಗೆ ಪ್ರಾಜೆಕ್ಟಿನ ಹಣ ಮುಗಿಯಿತು. ಬಾಡಿಗೆ ಕರಾರು ಇನ್ನೂ ಇತ್ತು, ಪ್ರಯೋಗ ಅರ್ಧ ಆಗಿತ್ತು. ಅಪ್ಪಯ್ಯನಿಗೆ ಫೋನಿನಲ್ಲಿ ಹೇಳುವಾಗ ಗಂಟಲು ಕಟ್ಟಿತ್ತು. ಆ ವರ್ಷ ಅಡಿಕೆಗೆ ಕೊಳೆ ಬಂದು ಅವರೂ ಕಷ್ಟದಲ್ಲಿದ್ದರು. ಆದರೂ "ಹಣ ಕಳಿಸ್ತೀನಿ, ಕೆಲಸ ಮುಗ್ಸೇ ಬಾ" ಅಂದರು. ಅಂದಿನಿಂದ ಯಾರೇ ಕೇಳಿದರೂ ಹೇಳುತ್ತೇನೆ: ಒಪ್ಪುವ ಮೊದಲು ನಾಲ್ಕು ವಿಷಯ ಬರಹದಲ್ಲಿ ಕೇಳಿ. ಪ್ರಾಜೆಕ್ಟಿನಲ್ಲಿ ಇನ್ನೆಷ್ಟು ತಿಂಗಳಿನ ಹಣ ಇದೆ? ಎರಡನೇ ವರ್ಷಕ್ಕೆ ಮುಂದುವರಿಸುವುದು ಯಾರ ಕೈಲಿದೆ? ಪೇಪರಿನಲ್ಲಿ ಹೆಸರು ಹೇಗೆ? ಹೋಗುವಾಗ ನಾನು ಶುರು ಮಾಡಿದ ವಿಷಯವನ್ನು ಜೊತೆಗೆ ಒಯ್ಯಬಹುದೇ? ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಎಂಬ ಸಂಕೋಚ ನಮ್ಮ ಕಡೆಯವರಿಗೆ ಜಾಸ್ತಿ. ಒಳ್ಳೆಯ ವಿಜ್ಞಾನಿ ಬೇಜಾರು ಮಾಡಿಕೊಳ್ಳುವುದಿಲ್ಲ. ಸಾಧ್ಯವಾದರೆ ಅದೇ ಲ್ಯಾಬಿನಲ್ಲಿ ಈಗ ಇರುವ, ಮೊದಲು ಇದ್ದ ಪೋಸ್ಟ್‌ಡಾಕ್‌ಗಳ ಜೊತೆ ಅರ್ಧ ಗಂಟೆ ಮಾತಾಡಿ.

ಇನ್ನು ಮೇಲ್. ನಮ್ಮ ಹುಡುಗಿ ಅವತ್ತು ಜಗಲಿಯಲ್ಲಿ ತೋರಿಸಿದ ಕರಡು ಹೀಗೆ ಶುರುವಾಗಿತ್ತು: "ಮಾನ್ಯರೇ, ತಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಪೋಸ್ಟ್‌ಡಾಕ್ ಮಾಡಲು ನನಗೆ ಅತ್ಯಂತ ಆಸಕ್ತಿಯಿದೆ. ನಾನು ಶ್ರಮಜೀವಿ." ಇದೇ ಕರಡು ನಲವತ್ತು ಜನಕ್ಕೆ ಹೋಗಲು ತಯಾರಾಗಿತ್ತು. ಇಂಥ ಮೇಲ್ ಒಬ್ಬ ಪ್ರೊಫೆಸರಿಗೆ ದಿನಕ್ಕೆ ಎಷ್ಟೋ ಬರುತ್ತವೆ. ಹೆಸರು ತೆಗೆದರೆ ಯಾರದ್ದು ಎಂದು ಗೊತ್ತಾಗುವುದಿಲ್ಲ.

ನಾವಿಬ್ಬರೂ ಕೂತು ಅದನ್ನು ಅಳಿಸಿದೆವು. ಮಳೆ ಜೋರಾಗಿ ಕರೆಂಟು ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಬರೆದೆವು. ಅವಳು ಒಬ್ಬರೇ ವಿಜ್ಞಾನಿಯನ್ನು ಆರಿಸಿದಳು, ಜಾರುವ ಗುಡ್ಡಗಳಲ್ಲಿ ಅಲೆಯ ವೇಗ ಅಳೆಯುವವರು. ಅವರ ಎರಡು ಪೇಪರ್ ಓದಿದಳು. ಎರಡನೆಯದರಲ್ಲಿ ಒಂದು ಚಿತ್ರ ಇತ್ತು, ಮಳೆ ಬಂದ ದಿನಗಳಲ್ಲಿ ಅಳತೆ ತುಂಬಾ ಏರುಪೇರಾಗಿತ್ತು. ಆಮೇಲೆ ಮೇಲ್ ಹೀಗಾಯಿತು: "ನಿಮ್ಮ ಪೇಪರಿನ ನಾಲ್ಕನೇ ಚಿತ್ರದಲ್ಲಿ ಮಳೆ ದಿನಗಳ ಅಳತೆಯಲ್ಲಿ ಏರುಪೇರು ಕಂಡೆ. ಲೋಹದ ತಗಡಿನಲ್ಲಿ ಬಿಸಿ ಏರಿದಾಗ ನನಗೂ ಇಂಥದ್ದೇ ಏರುಪೇರು ಬರುತ್ತಿತ್ತು. ಬಿಸಿಯ ಪರಿಣಾಮವನ್ನು ಬೇರೆ ಮಾಡಿ ಬಿರುಕಿನ ಪರಿಣಾಮವನ್ನು ಉಳಿಸಿಕೊಳ್ಳುವ ವಿಧಾನವನ್ನು ಥೀಸಿಸ್ಸಿನಲ್ಲಿ ಬರೆದಿದ್ದೇನೆ. ಅದು ನಿಮ್ಮ ಗುಡ್ಡಕ್ಕೂ ಹೊಂದಬಹುದು ಅನ್ನಿಸುತ್ತದೆ. ನಾನು ಮಳೆ ಹೆಚ್ಚು ಬೀಳುವ, ಗುಡ್ಡ ಕುಸಿಯುವ ಘಟ್ಟದ ಊರಿನವಳು." ಅದರ ಕೆಳಗೆ ಯಾವಾಗ ಸೇರಬಹುದು ಎಂಬ ಒಂದು ಸಾಲು, ಜೊತೆಗೆ ಸಿ.ವಿ. ಮತ್ತು ಒಂದು ಪೇಪರ್. ಅಷ್ಟೇ, ಪರದೆಯಲ್ಲಿ ಒಂದು ಪುಟವೂ ಇಲ್ಲ.

ಇದನ್ನೆಲ್ಲ ಥೀಸಿಸ್ ಸಲ್ಲಿಸುವ ಎಂಟು ಹತ್ತು ತಿಂಗಳು ಮೊದಲೇ ಶುರು ಮಾಡಬೇಕು. ಶಿಫಾರಸು ಪತ್ರಕ್ಕೆ ಗೈಡ್ ಬಿಟ್ಟು ಇನ್ನಿಬ್ಬರು ಬೇಕು. ಆ ಇಬ್ಬರು ನಿಮ್ಮ ಕೆಲಸವನ್ನು ನಿಜವಾಗಿ ಬಲ್ಲವರಾಗಿರಬೇಕು, ದೊಡ್ಡ ಹೆಸರಿನವರೇ ಆಗಬೇಕಿಲ್ಲ. ಹೊಸ ಕ್ಷೇತ್ರಕ್ಕೆ ಹೋಗುವವರು ಊರಲ್ಲೇ ಕೂತು ಕೈ ಪಳಗಿಸಿಕೊಳ್ಳಬಹುದು. ಭೂಕಂಪದ ದಾಖಲೆ ಓದಲು ಆಬ್ಸ್‌ಪೈ, ಬೆಳಕಿನ ಅಲೆ ಲೆಕ್ಕಕ್ಕೆ ಮೀಪ್ ಎಂಬ ತಂತ್ರಾಂಶಗಳು ಉಚಿತ. ಲೈಗೋ ತನ್ನ ದತ್ತಾಂಶವನ್ನೇ ಎಲ್ಲರಿಗೂ ತೆರೆದಿಟ್ಟಿದೆ. 2015ರ ಆ ಮೊದಲ ಗುರುತ್ವ ಅಲೆಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ನೀವೇ ಹುಡುಕಿ ತೆಗೆಯಬಹುದು. ಸೆಕೆಂಡಿನ ಐದನೇ ಒಂದು ಭಾಗದಷ್ಟು ಹೊತ್ತಿನ ಆ ಸಣ್ಣ ಏರು ನನ್ನ ಪರದೆಯಲ್ಲಿ ಮೊದಲ ಸಲ ಮೂಡಿದಾಗ ಮೈ ಜುಂ ಎಂದದ್ದು ಇನ್ನೂ ನೆನಪಿದೆ.

ಪೋಸ್ಟ್‌ಡಾಕ್ ಆದರೆ ಕಾಯಂ ಕೆಲಸ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಪ್ರೊಫೆಸರ್ ಹುದ್ದೆ ಕಮ್ಮಿ, ಕಾಯುವವರು ಜಾಸ್ತಿ. ಎರಡು ತಿರುಗಾಟ ಸಾಕು, ಮೂರನೆಯದಕ್ಕೆ ಹೋಗುವ ಮೊದಲು ಚೆನ್ನಾಗಿ ಯೋಚಿಸಬೇಕು ಎಂಬುದು ನನ್ನ ಅಭಿಪ್ರಾಯ. ದೇಶಕ್ಕೆ ಮರಳಿ ಸ್ವಂತ ತಂಡ ಕಟ್ಟುವವರಿಗೆ ರಾಮಾನುಜನ್ ಫೆಲೋಶಿಪ್, ಇನ್‌ಸ್ಪೈರ್ ಫ್ಯಾಕಲ್ಟಿ ಇವೆ, ಎರಡೂ ಐದು ವರ್ಷದ್ದು. ಬೇಡ ಅನ್ನಿಸಿದರೆ ವೈದ್ಯಕೀಯ ಸ್ಕ್ಯಾನಿಂಗ್, ಸೇತುವೆ ಮತ್ತು ವಿಮಾನ ತಪಾಸಣೆ, ಮೊಬೈಲ್ ಆಂಟೆನಾ, ಇಂಥ ಕಡೆ ಅಲೆ ಬಲ್ಲವರಿಗೆ ಬೆಂಗಳೂರಿನಲ್ಲೇ ಕೆಲಸ ಇದೆ. ಮನೆಯವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ. ಅಜ್ಜನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಗುಡ್ಡ ಕುಸಿಯದು ಮೊದ್ಲೇ ಗೊತ್ತಾಗ್ತದಾ ಹಂಗಾದ್ರೆ?" ಇನ್ನೂ ಪೂರ್ತಿ ಆಗುವುದಿಲ್ಲ ಅಜ್ಜ, ಅದನ್ನೇ ಮಾಡಲು ಹೊರಟಿದ್ದಾಳೆ ಅಂದೆ.

ಮೇಲ್ ಕಳಿಸಿ ಒಂಬತ್ತು ದಿನ ಆಯಿತು, ಉತ್ತರ ಬಂದಿಲ್ಲ. ಎರಡು ವಾರ ಆದ ಮೇಲೆ ಎರಡು ಸಾಲಿನಲ್ಲಿ ನೆನಪಿಸು ಎಂದಿದ್ದೇನೆ. ಅಷ್ಟರಲ್ಲಿ ಮೂಳೆಯ ಮೇಲೆ ಅಲ್ಟ್ರಾಸೌಂಡ್ ಕೆಲಸ ಮಾಡುವ ಇನ್ನೊಂದು ಲ್ಯಾಬಿನ ಪೇಪರ್ ಓದುತ್ತಿದ್ದಾಳೆ. ನಿನ್ನೆ ರಾತ್ರಿ ಅದರ ಮೂರನೇ ಚಿತ್ರದ ಫೋಟೋ ಕಳಿಸಿ, "ಅಕ್ಕಾ, ಇಲ್ಲೂ ಏನೋ ಏರುಪೇರು ಇದೆ, ನೋಡು" ಎಂದು ಬರೆದಿದ್ದಳು.